ಮಾಗಿ ಚಳಿಯಲ್ಲಿ ಅಟ್ಟದ ಬಾವಲಿಗಳು ಮಿಸುಕಾಡೋದೇ ಇಲ್ಲ. ಇವೂ ಚಳಿಗಾಲದ ನಿದ್ದೆ ಮಾಡ್ತಾವಾ?

ನಗರದ ಹಳೇಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಹೆಂಚಿನ ಮನೆ, ಅಜ್ಜನ ಕಾಲದ್ದು. ಅಟ್ಟದಲ್ಲಿ ಪಕಾಸಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸಣ್ಣ ಬಾವಲಿಗಳಿವೆ. ಹಣ್ಣು ತಿನ್ನುವ ದೊಡ್ಡವಲ್ಲ, ಹೆಬ್ಬೆರಳಷ್ಟೇ ಇರುವ ಕಂದು ಮೈಯವು. ದೀಪ ಹಚ್ಚುವ ಹೊತ್ತಿಗೆ ಒಂದೊಂದೇ ಸೂರಿನಿಂದ ಜಾರಿ ಅಂಗಳದ ಮೇಲೆ ಸುತ್ತು ಹಾಕುತ್ತವೆ. ಬೇರೆ ದಿನಗಳಲ್ಲಿ ಹಗಲಲ್ಲೂ ಕಿಚಿಕಿಚಿ ಸದ್ದು ಇದ್ದೇ ಇರುತ್ತೆ. ಮಾಗಿ ಚಳಿ ಕೂತ ಮೇಲೆ ಮಾತ್ರ ಬೆಳಗಿನ ಹೊತ್ತು ಅಟ್ಟ ಹತ್ತಿ ಬ್ಯಾಟರಿ ಬಿಟ್ಟರೂ ಒಂದೂ ಮಿಸುಕಾಡುವುದಿಲ್ಲ.

ಮೊನ್ನೆ ಒಂದು ಕೆಳಗೆ ಬಿದ್ದಿತ್ತು. ಕೈಯಲ್ಲಿ ಮುಟ್ಟದೆ ಅಡಿಕೆ ಹಾಳೆಯ ತುಂಡಿನಲ್ಲಿ ಎತ್ತಿ ಜಗಲಿಗೆ ತಂದೆ. ಕಣ್ಣು ಮುಚ್ಚಿದೆ, ರೆಕ್ಕೆ ಮಡಿಚಿ ಮೈಗೆ ಅಂಟಿಸಿಕೊಂಡಿದೆ, ಉಸಿರಾಡುವುದು ಕಾಣುವುದಿಲ್ಲ. ಇದೆಯೋ ಹೋಗಿದೆಯೋ ಗೊತ್ತಾಗಲಿಲ್ಲ. ಜಗಲಿಗೆ ಎಳೆಬಿಸಿಲು ಬಂತು. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಪಕ್ಕ ಸಣ್ಣಗೆ ಏರಿಳಿಯತೊಡಗಿತು. ಆಮೇಲೆ ಭುಜದ ಹತ್ತಿರ ನಡುಕ ಹುಟ್ಟಿ ಮೈಯೆಲ್ಲ ಹರಡಿತು. ಹಿಂದಕ್ಕೆ ಮಡಿಚಿಕೊಂಡಿದ್ದ ಕಿವಿಗಳಲ್ಲಿ ಒಂದು ನೆಟ್ಟಗಾಯಿತು, ಇನ್ನೊಂದು ಸ್ವಲ್ಪ ತಡವಾಗಿ. ಬಾಯಿ ತೆರೆದು ಮುಚ್ಚಿತು. ಕೊನೆಗೆ ಹಾಳೆಯ ಅಂಚಿಗೆ ತೆವಳಿ, ಜಗಲಿಯ ಕಂಬ ಹತ್ತಿ, ಮೇಲಿನಿಂದ ಹಾರಿ ಹೋಯಿತು. ಅರ್ಧ ಗಂಟೆಗೂ ಹೆಚ್ಚೇ ಹಿಡಿದಿರಬೇಕು.

ಹಿಮ ಬೀಳುವ ದೇಶಗಳಲ್ಲಿ ಬಾವಲಿಗಳು ತಿಂಗಳುಗಟ್ಟಲೆ ನಿದ್ದೆ ಹೋಗುತ್ತವಂತಲ್ಲ, ನಮ್ಮಲ್ಲೂ ನಡೆಯುವುದು ಅದೇನಾ? ಇನ್ನೊಂದು ವಿಷಯ, ಮುಂದಿನ ವಾರ ರೀಪು ಬದಲಿಸಲು ಬಡಗಿಗಳು ಬರುತ್ತಾರೆ. "ಬೆಳಿಗ್ಗೆ ಒಣಮೆಣಸಿನ ಹೊಗೆ ಹಾಕಿಬಿಡಿ, ಚಳಿಗೆ ಮಂಕಾಗಿರ್ತಾವೆ, ಗುಡಿಸಿ ಹಾಕಬಹುದು" ಅಂತಾರೆ ಅವರ ಮೇಸ್ತ್ರಿ. ಅಪ್ಪಯ್ಯನಿಗೆ ಅದು ಸುತಾರಾಂ ಇಷ್ಟವಿಲ್ಲ, ನನಗೂ ಇಲ್ಲ. ತಿಳಿದವರು ದಯವಿಟ್ಟು ಹೇಳಿ.

ತುಂಗಾತೀರ

ಹೊಗೆ ಮಾತ್ರ ಹಾಕಬೇಡಿ ಮಾರಾಯ್ರೆ. ನಮ್ಮ ನೆಂಟರ ಮನೆಯಲ್ಲಿ ಹಾಕಿದ್ದರು. ಅರ್ಧಕ್ಕರ್ಧ ಹೊರಗೇ ಬರಲಿಲ್ಲ, ಸಂದಿಯಲ್ಲೇ ಸತ್ತವು. ಆಮೇಲೆ ಹೆಂಚು ಬಿಚ್ಚಿ ತೆಗೆಯುವವರೆಗೆ ಮನೆಯೊಳಗೆ ಕೂತು ಊಟ ಮಾಡುವ ಹಾಗಿರಲಿಲ್ಲ.

ಪ್ರಾಣಿಶಾಸ್ತ್ರ ಮೇಷ್ಟ್ರು, ಸಾಗರ

ತುಂಗಾತೀರ ಅವರು ಹೇಳಿದ್ದು ಸರಿ, ಅದಕ್ಕೆ ಕಾರಣವೂ ಇದೆ. ಹಳೇಮನೆಯವರೇ, ನೀವು ಜಗಲಿಯಲ್ಲಿ ನೋಡಿದ ಆ ಅರ್ಧ ಗಂಟೆ ಇದೆಯಲ್ಲ, ಬಾವಲಿಯ ಬದುಕಿನಲ್ಲಿ ಅತ್ಯಂತ ದುಬಾರಿಯಾದ ಅರ್ಧ ಗಂಟೆ ಅದು. ನಾವೆಲ್ಲ ನಿದ್ದೆಯನ್ನೇ ದೊಡ್ಡ ವಿಷಯ ಮಾಡುತ್ತೇವೆ. ಬಾವಲಿಗೆ ನಿದ್ದೆ ಅಗ್ಗ, ಏಳುವುದೇ ದುಬಾರಿ. ಇದೊಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತೆ.

ಐದಾರು ಗ್ರಾಂ ತೂಗುವ ಬಿಸಿರಕ್ತದ ಪ್ರಾಣಿಗೆ ಮೈ ಬೆಚ್ಚಗಿಟ್ಟುಕೊಳ್ಳುವುದು ಸುಲಭವಲ್ಲ. ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಅದರ ಮೂಲಕ ಶಾಖ ಸೋರುವುದೂ ಹೆಚ್ಚು. ಅದರ ಮೇಲೆ ಬರಿ ಚರ್ಮದ ರೆಕ್ಕೆ ಬೇರೆ. ಹೊರಗೆ 14 ಡಿಗ್ರಿ ಇರುವ ಬೆಳಗಿನಲ್ಲಿ ಮೈಯನ್ನು 37ರ ಆಸುಪಾಸಿನಲ್ಲಿ ಇಡಬೇಕೆಂದರೆ ರಾತ್ರಿ ಹಿಡಿದು ತಿಂದ ಹುಳುವೆಲ್ಲ ಅದಕ್ಕೇ ಆಗಿಹೋಗುತ್ತೆ. ಚಳಿಯ ರಾತ್ರಿ ಹುಳುಗಳ ಹಾರಾಟವೂ ಕಡಿಮೆ. ಹಾಗಾಗಿ ಹುಳು ತಿನ್ನುವ ಸಣ್ಣ ಬಾವಲಿಗಳು ಬೇರೆ ದಾರಿ ಹಿಡಿದಿವೆ. ಮೈ ಬೆಚ್ಚಗಿಡುವ ಪ್ರಯತ್ನವನ್ನೇ ಬಿಟ್ಟುಬಿಡುತ್ತವೆ. ಮೈಯ ಬಿಸಿ ಇಳಿಯುತ್ತಾ ಇಳಿಯುತ್ತಾ ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಮೇಲಕ್ಕೆ ಬಂದು ನಿಲ್ಲುತ್ತೆ. ಗುಂಡಿಗೆ ನಿಧಾನ, ಉಸಿರು ನಿಧಾನ. ಇದನ್ನು ಜಡಸ್ಥಿತಿ ಅನ್ನುತ್ತೇವೆ.

ನಮ್ಮ ಮಲೆನಾಡಿನಲ್ಲಿ ಇದು ಬೆಳಗಿನ ಕೆಲವು ಗಂಟೆಗಳ ಮಟ್ಟಿಗೆ. ಬೆಳಿಗ್ಗೆ ಇಬ್ಬನಿ ಕವಿದಿದ್ದರೂ ಮಧ್ಯಾಹ್ನ ಬಿಸಿಲು 30 ಡಿಗ್ರಿ ಮುಟ್ಟುತ್ತೆ, ಸಂಜೆ ಒಂದಿಷ್ಟು ಹುಳು ಸಿಕ್ಕೇ ಸಿಗುತ್ತೆ. ತಿಂಗಳುಗಟ್ಟಲೆ ಮಲಗುವ ಅಗತ್ಯ ಇಲ್ಲಿನವಕ್ಕಿಲ್ಲ. ಹಿಮಾಲಯದ ಕಡೆಯ ಕುದುರೆಲಾಳ ಮೂಗಿನ ಬಾವಲಿಗಳಂಥವು ಚಳಿಗಾಲ ಪೂರ್ತಿ ಮಲಗುತ್ತವೆ. ನಮ್ಮವಕ್ಕೆ ದಿನದಿನದ ಉಳಿತಾಯ ಸಾಕು.

ಇನ್ನು ನಿಮ್ಮ ಹೆಂಚಿನ ವಿಷಯ. ಬಿಸಿಲೇರಿದಂತೆ ಹೆಂಚು ಕಾಯುತ್ತೆ, ಅದರ ಕೆಳಗೆ ಅಂಟಿಕೊಂಡ ಬಾವಲಿಯ ಮೈಯೂ ಖರ್ಚಿಲ್ಲದೆ ಬಿಸಿಯಾಗುತ್ತೆ. ಕೊನೆಯ ಕೆಲವು ಡಿಗ್ರಿಗಳನ್ನಷ್ಟೇ ಸ್ವಂತ ಕೊಬ್ಬು ಸುಟ್ಟು ಏರಿಸಿಕೊಂಡರೆ ಆಯಿತು. ಬಿಸಿಲಿನ ಶಾಖ ಬಳಸಿಕೊಂಡು ಏಳುವ ಈ ಪದ್ಧತಿಯನ್ನು ಮರದ ತೊಗಟೆಯಡಿ ಇರುವ ಆಸ್ಟ್ರೇಲಿಯಾದ ಬಾವಲಿಗಳಲ್ಲಿ ಚೆನ್ನಾಗಿ ಅಳೆದು ನೋಡಿದ್ದಾರೆ. ಬೆಳ್ಳಂಬೆಳಿಗ್ಗೆ ನೀವು ಹೊಗೆ ಹಾಕಿದರೆ ಅವು ಎಲ್ಲ ಶಾಖವನ್ನೂ ಮೈಯೊಳಗಿನಿಂದಲೇ ಹುಟ್ಟಿಸಬೇಕು, ಅದೂ ಅರ್ಧ ಗಂಟೆಯೊಳಗೆ. ಅಷ್ಟರಲ್ಲಿ ಹೊಗೆ ಕುಡಿದಾಗಿರುತ್ತೆ. ಸಂದಿಯಲ್ಲೇ ಸಾಯುವುದು ಹೀಗೆ.

ಕಾಲೇಜ್ ಹುಡುಗ, ಶಿಕಾರಿಪುರ

ಸರ್, ಒಂದು ಡೌಟು. ಅಷ್ಟು ಗಾಢ ಜಡಸ್ಥಿತಿಯಲ್ಲಿದ್ದರೆ ತಲೆಕೆಳಗಾಗಿ ನೇತಾಡೋಕೆ ಹಿಡಿತ ಎಲ್ಲಿಂದ ಬರುತ್ತೆ? ಕೈ ಕಾಲು ಸಡಿಲಾಗಿ ಬೀಳಬೇಕಲ್ವಾ?

ಪ್ರಾಣಿಶಾಸ್ತ್ರ ಮೇಷ್ಟ್ರು, ಸಾಗರ

ಹಿಡಿಯಲು ಸ್ನಾಯು ಬಿಗಿಹಿಡಿಯಬೇಕಾದ್ದು ನಮಗೆ. ಬಾವಲಿಯ ಕಾಲಿನಲ್ಲಿ ಮೈಭಾರವೇ ಸ್ನಾಯುರಜ್ಜುವನ್ನು ಎಳೆದು ಉಗುರುಗಳನ್ನು ಮಡಿಸುತ್ತೆ. ರಜ್ಜುವಿನ ಮೇಲಿನ ಸಣ್ಣ ಗಂಟುಗಳು ಅದರ ಕವಚದ ಒಳಮೈಯ ಏಣುಗಳಿಗೆ ಸಿಕ್ಕಿಕೊಂಡು ಅಲ್ಲೇ ಬೀಗ ಬೀಳುತ್ತೆ. ನೇತಾಡಲು ಶಕ್ತಿ ಬೇಡ, ಬಿಡಿಸಿಕೊಳ್ಳಲು ಬೇಕು. ಸತ್ತ ಬಾವಲಿಯೂ ನೇತಾಡುತ್ತಲೇ ಇರುವುದುಂಟು.

ಒಂಟಾರಿಯೊದಿಂದ ಕೊಪ್ಪದವಳು

ಮೇಷ್ಟ್ರೇ, ನಮಸ್ಕಾರ. ನಾನು ಹುಟ್ಟಿದ್ದು ಕೊಪ್ಪ, ಈಗ ಇರುವುದು ಕೆನಡಾದಲ್ಲಿ. ಇಲ್ಲಿ ಚಳಿಗಾಲದಲ್ಲಿ ಬಾವಲಿ ಎಣಿಸುವ ತಂಡದ ಜೊತೆ ಸ್ವಯಂಸೇವಕಿಯಾಗಿ ಪಾಳುಬಿದ್ದ ಗಣಿಯೊಂದರ ಒಳಗೆ ಹೋಗಿದ್ದೇನೆ. ನಿಜವಾದ ಚಳಿಗಾಲದ ನಿದ್ದೆ ಹೇಗಿರುತ್ತೆ ಅಂತ ಕಂಡದ್ದನ್ನು, ಅಲ್ಲಿನವರಿಂದ ಕಲಿತದ್ದನ್ನು ಹೇಳುತ್ತೇನೆ.

ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಒಳಗೆ ನಡೆದಂತೆ ಚಳಿ ಕಡಿಮೆಯಾಗಿ ಐದಾರು ಡಿಗ್ರಿಯಲ್ಲಿ ನಿಲ್ಲುತ್ತೆ. ಅಲ್ಲಿ ಕಲ್ಲಿನ ಚಾವಣಿಗೆ ಪುಟ್ಟ ಕಂದು ಬಾವಲಿಗಳು ಒತ್ತೊತ್ತಾಗಿ ನೇತಾಡುತ್ತಿದ್ದವು. ಕೆಂಪು ದೀಪದಲ್ಲಿ ಒಂದನ್ನು ದೂರದಿಂದ ನೋಡಿದೆ. ಮೈಮೇಲಿನ ಪ್ರತಿ ಕೂದಲ ತುದಿಯಲ್ಲೂ ನೀರಿನ ಹನಿ ಕಟ್ಟಿ ಇಡೀ ಮೈ ಬೆಳ್ಳಗೆ ಹೊಳೆಯುತ್ತಿತ್ತು. ಮೂಗಿನ ತುದಿಯಲ್ಲೊಂದು ಹನಿ. ಮೈ ಕಲ್ಲಿನಷ್ಟೇ ತಣ್ಣಗಿದ್ದರೆ ಮಾತ್ರ ಹಾಗೆ ಇಬ್ಬನಿ ಕೂರುವುದು. ನಾವು ನಿಂತಿದ್ದಷ್ಟು ಹೊತ್ತೂ ಅದು ಉಸಿರೆಳೆದದ್ದು ನಮಗೆ ಕಾಣಲಿಲ್ಲ. ಈ ಸ್ಥಿತಿಯಲ್ಲಿ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಒಂದು ಗಂಟೆಯಷ್ಟು ಬಿಡುವಿರುವುದೂ ಉಂಟಂತೆ. ಹಾರುವಾಗ ನಿಮಿಷಕ್ಕೆ ಸಾವಿರ ಸಲ ಬಡಿಯುವ ಗುಂಡಿಗೆ ಹತ್ತಿಪ್ಪತ್ತು ಬಡಿತಕ್ಕೆ ಇಳಿದಿರುತ್ತೆ.

ಅಷ್ಟು ತೇವದ ಜಾಗವನ್ನೇ ಅವು ಹುಡುಕುವುದು, ಯಾಕೆಂದರೆ ಕೊಬ್ಬು ಮುಗಿಯುವ ಮೊದಲು ನೀರು ಮುಗಿಯುವ ಅಪಾಯ. ರೆಕ್ಕೆಯ ತೆಳು ಚರ್ಮದಿಂದ ನೀರು ಆರುತ್ತಲೇ ಇರುತ್ತೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆರುವುದು ಕಡಿಮೆ. ಒಂದಕ್ಕೊಂದು ಒತ್ತಿಕೊಂಡು ಕೂರುವುದರಲ್ಲೂ ಈ ಲಾಭ ಇದೆ.

ಚಳಿ ಹೆಚ್ಚಾದಷ್ಟೂ ಉಳಿತಾಯ ಹೆಚ್ಚು ಅಂತಲೂ ಅಲ್ಲ. ಎರಡು ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟದಂತೆ ಮತ್ತೆ ಕೊಬ್ಬು ಸುಡಬೇಕು. ಹತ್ತು ದಾಟಿದರೆ ಮೈ ತಾನಾಗಿಯೇ ಹೆಚ್ಚು ಉರಿಸುತ್ತೆ. ಆ ನಡುವಿನ ಹದ ಸಿಗುವ ಗುಹೆ, ಗಣಿಗಳು ಬೆರಳೆಣಿಕೆಯಷ್ಟು. ಅದಕ್ಕೇ ಅವು ವರ್ಷ ವರ್ಷ ಅದೇ ಜಾಗಕ್ಕೆ ಮರಳುವುದು.

ಸೆಪ್ಟೆಂಬರಿನಲ್ಲಿ ಎಂಟೊಂಬತ್ತು ಗ್ರಾಂ ತೂಗುವ ಬಾವಲಿಯ ಮೈಯಲ್ಲಿ ಎರಡು ಗ್ರಾಂಗಿಂತ ಹೆಚ್ಚು ಕೊಬ್ಬೇ ಇರುತ್ತೆ. ಏಪ್ರಿಲ್‌ವರೆಗೆ ಅದೇ ಅದರ ಬುತ್ತಿ. ನಿದ್ದೆಯ ನಡುವೆ ಎರಡು ಮೂರು ವಾರಕ್ಕೊಮ್ಮೆ ಏಳುತ್ತವೆ, ಕೆಲವು ಗಂಟೆ ಎಚ್ಚರವಿದ್ದು ಮತ್ತೆ ಜಡವಾಗುತ್ತವೆ. ಇಡೀ ಚಳಿಗಾಲದಲ್ಲಿ ಎಚ್ಚರವಿರುವ ಹೊತ್ತು ನೂರಕ್ಕೆ ಒಂದು ಪಾಲಿನಷ್ಟೇ. ಆದರೆ ಚಳಿಗಾಲದ ಕೊಬ್ಬಿನಲ್ಲಿ ನೂರಕ್ಕೆ 80 ಪಾಲು ಖಾಲಿಯಾಗುವುದು ಆ ಎಚ್ಚರಕ್ಕೇ! ಒಂದು ಸಲ ಎದ್ದು ಮಲಗಲು ನೂರು ಮಿಲಿಗ್ರಾಂ ಚಿಲ್ಲರೆ ಕೊಬ್ಬು ಬೇಕು ಅಂತ 1990ರಲ್ಲಿ ಲೆಕ್ಕ ಹಾಕಿದ್ದಾರೆ. ಅದೇ ಕೊಬ್ಬಿನಲ್ಲಿ ಏಳದೆ ಎರಡು ತಿಂಗಳು ಮಲಗಬಹುದಿತ್ತು. ನಾವು ಪಿಸುಮಾತಿನಲ್ಲಿ ಬಂದು ಹೋದರೂ ಕೆಲವು ಏಳುತ್ತವೆ, ಅವುಗಳ ಓಡಾಟಕ್ಕೆ ಪಕ್ಕದವೂ ಏಳುತ್ತವೆ, ಮನುಷ್ಯರು ಹೊರಟುಹೋದ ಮೇಲೂ ಗಂಟೆಗಟ್ಟಲೆ ಇದು ಮುಂದುವರಿಯುತ್ತೆ. ಹಾಗಾಗಿ ಇಲ್ಲಿ ಎಣಿಕೆಯನ್ನೂ ಪ್ರತಿ ವರ್ಷ ಮಾಡದೆ ಬಿಟ್ಟು ಬಿಟ್ಟು ಮಾಡುತ್ತಾರೆ. ಸುಮ್ಮನೆ ನೋಡಲು ಹೋಗುವವರಿಗೆ ಗಣಿಯ ಬಾಯಿಯಲ್ಲೇ ಸರಳು ಹಾಕಿ ತಡೆದಿದ್ದಾರೆ. ಬಾವಲಿ ದಾಟುವಷ್ಟು ಸಂದಿ ಬಿಟ್ಟು ಅಡ್ಡಕ್ಕೆ ಹಾಕಿದ ಸರಳುಗಳು.

ಕಾಲೇಜ್ ಹುಡುಗ, ಶಿಕಾರಿಪುರ

ಅಕ್ಕಾ, ಏಳೋದು ಅಷ್ಟು ದುಬಾರಿ ಅಂದ್ರೆ ಏಳದೇ ಇದ್ರೆ ಆಯ್ತಲ್ಲ? ಯಾಕೆ ಏಳ್ತಾವೆ?

ಒಂಟಾರಿಯೊದಿಂದ ಕೊಪ್ಪದವಳು

ನೀರು ಕುಡಿಯಲು ಅನ್ನುವುದು ಒಂದು ಉತ್ತರ, ಎದ್ದ ಬಾವಲಿಗಳು ಗೋಡೆಯ ಹನಿ ನೆಕ್ಕುವುದು ಕಾಣುತ್ತೆ. ಮೂತ್ರ ಹೊರಹಾಕಬೇಕು. ತಣ್ಣಗಿರುವಾಗ ರೋಗದ ವಿರುದ್ಧ ಮೈ ಹೋರಾಡುವುದೂ ಬಹುತೇಕ ನಿಂತಿರುತ್ತೆ, ಆಗಾಗ ಬಿಸಿಯಾಗಿ ಅದನ್ನೂ ನೋಡಿಕೊಳ್ಳಬೇಕು. ಜಡಸ್ಥಿತಿ ನಿಜವಾದ ನಿದ್ದೆಯೂ ಅಲ್ಲ ತಮ್ಮಾ. ಅಳಿಲಿನ ಜಾತಿಯ ಪ್ರಾಣಿಗಳ ಮಿದುಳಿನ ಅಲೆ ಅಳೆದಾಗ, ಅವು ಜಡಸ್ಥಿತಿಯಿಂದ ಎದ್ದು ಮೈ ಬಿಸಿಯಾದ ಮೇಲೆ ಗಾಢ ನಿದ್ದೆ ಮಾಡುವುದು ಕಂಡಿದೆ. ಮಲಗುವುದಕ್ಕಾಗಿಯೇ ಏಳುತ್ತವೆ ಅನ್ನಬಹುದು. ಇವುಗಳಲ್ಲಿ ಯಾವುದು ಮುಖ್ಯ ಅಂತ ವಿಜ್ಞಾನಿಗಳ ಚರ್ಚೆ ಮುಗಿದಿಲ್ಲ.

ಪ್ರಾಣಿಶಾಸ್ತ್ರ ಮೇಷ್ಟ್ರು, ಸಾಗರ

ಎಷ್ಟು ಚೆನ್ನಾಗಿ ಬರೆದಿರಿ ತಂಗೀ! ಇದಕ್ಕೆ ಎರಡು ಮಾತು ಸೇರಿಸುತ್ತೇನೆ.

ಒಂದು, ಏಳುವಾಗ ಶಾಖ ಎಲ್ಲಿಂದ ಬರುತ್ತೆ ಅನ್ನುವುದು. ಭುಜದ ಎಲುಬುಗಳ ನಡುವೆ ಕಂದು ಬಣ್ಣದ ವಿಶೇಷ ಕೊಬ್ಬಿರುತ್ತೆ. ನಮ್ಮ ಹಸುಗೂಸುಗಳಲ್ಲೂ ಇರುತ್ತೆ. ಸ್ನಾಯು ಅಲುಗಾಡದೆಯೇ ನೇರವಾಗಿ ಶಾಖ ಹುಟ್ಟಿಸುವುದು ಅದರ ಕೆಲಸ. ಮೊದಲು ಅದು ಉರಿದು ಗುಂಡಿಗೆ, ಮಿದುಳಿನ ಕಡೆ ರಕ್ತ ಬಿಸಿಯಾಗುತ್ತೆ, ಸ್ನಾಯು ಕೆಲಸ ಮಾಡುವಷ್ಟು ಬೆಚ್ಚಗಾದ ಮೇಲೆ ನಡುಕ ಶುರು. ಹಳೇಮನೆಯವರು ಭುಜದ ಹತ್ತಿರ ನಡುಕ ಮೊದಲು ಕಂಡಿತು ಅಂತ ಬರೆದಿದ್ದಾರಲ್ಲ, ಎಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ!

ಇನ್ನೊಂದು ಕೊಬ್ಬಿನ ಗುಣ. ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಗಟ್ಟಿಯಾಗಿ ಕೂರುತ್ತೆ, ಪಕ್ಕದಲ್ಲಿಟ್ಟ ಎಳ್ಳೆಣ್ಣೆ ಹರಿಯುತ್ತಲೇ ಇರುತ್ತೆ. ಮೈಯೊಳಗಿನ ಕೊಬ್ಬಿನಲ್ಲೂ ಇದೇ ವ್ಯತ್ಯಾಸ ಇದೆ. ಐದು ಡಿಗ್ರಿಯಲ್ಲಿ ಗಟ್ಟಿಯಾಗುವ ಕೊಬ್ಬು ಮಲಗಿದ ಬಾವಲಿಗೆ ಉಪಯೋಗಕ್ಕೆ ಬಾರದು. ಚಳಿಯಲ್ಲೂ ಹರಿಯುವ ಬಗೆಯ ಕೊಬ್ಬಿನಂಶ ಅದಕ್ಕೆ ಬರುವುದು ಹುಳುಗಳ ಮೂಲಕ, ಹುಳುಗಳಿಗೆ ಗಿಡಗಳಿಂದ.

ಚಳಿಯಿಲ್ಲದೆಯೂ ಈ ನಿದ್ದೆ ಸಾಧ್ಯ ಅನ್ನುವುದಕ್ಕೆ ನನಗೆ ತುಂಬ ಇಷ್ಟದ ಉದಾಹರಣೆಯೊಂದಿದೆ. ಉದ್ದ ಬಾಲದ ಇಲಿಬಾಲ ಬಾವಲಿಗಳು ಇಸ್ರೇಲಿನ ಉತ್ತರದಲ್ಲಿ 20 ಡಿಗ್ರಿಯ ಬೆಚ್ಚನೆಯ ಗುಹೆಗಳಲ್ಲಿ ತಿಂಗಳುಗಟ್ಟಲೆ ಜಡವಾಗಿರುತ್ತವೆ. ಇದೇ ಕುಲದವು ನಮ್ಮ ರಾಜಸ್ಥಾನದಲ್ಲೂ ಇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಟ್ಟೆ, ತೊಡೆಯ ಸುತ್ತ ಕೊಬ್ಬು ತುಂಬಿಕೊಂಡು ಚಳಿಗಾಲ ಕಳೆಯುತ್ತವೆ.

ಆಗುಂಬೆ ಕಡೆ ಗದ್ದೆ

ನನಗೆ ಒಂದು ಹೇಳಬೇಕನಿಸುತ್ತೆ. ನಮ್ಮ ಕಡೆ ಬಾವಲಿಗೆ ನಿಜವಾದ ಕಷ್ಟ ಮಾಗಿಯಲ್ಲಿ ಅಲ್ಲ, ಆರಿದ್ರಾ, ಪುನರ್ವಸು ಮಳೆಯಲ್ಲಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಊರು ನಮ್ಮದು. ಜಡಿಮಳೆ ಹಿಡಿದರೆ ಸಂಜೆ ಒಂದೂ ಹೊರಗೆ ಕಾಣುವುದಿಲ್ಲ, ಒಮ್ಮೊಮ್ಮೆ ರಾತ್ರಿಯಿಡೀ. ಆಗ ಇವು ಏನು ಮಾಡ್ತಾವೆ?

ಪ್ರಾಣಿಶಾಸ್ತ್ರ ಮೇಷ್ಟ್ರು, ಸಾಗರ

ಒಳ್ಳೆಯ ಪ್ರಶ್ನೆ, ನಿಮ್ಮ ಅಂದಾಜು ಸರಿಯಾಗಿದೆ ಅಂತಲೇ ನನ್ನ ಅಭಿಪ್ರಾಯ. ಮೈ ಒದ್ದೆಯಾದ ಬಾವಲಿಗೆ ಹಾರಲು ಒಣಗಿದ್ದಾಗಿನ ಎರಡರಷ್ಟು ಶಕ್ತಿ ಬೇಕು ಅಂತ ಮಧ್ಯ ಅಮೆರಿಕದ ಬಾವಲಿಗಳ ಮೇಲೆ 2011ರಲ್ಲಿ ಅಳೆದು ತೋರಿಸಿದ್ದಾರೆ. ಮಳೆಯ ಸದ್ದಿನಲ್ಲಿ ತಮ್ಮ ಕೂಗಿನ ಮರುದನಿಯನ್ನು ಕೇಳಿ ಹುಳು ಹುಡುಕುವುದೂ ಕಷ್ಟ. ಅಂಥ ರಾತ್ರಿ ಹೊರಗೆ ಹೋಗಿ ಖರ್ಚು ಮಾಡುವುದಕ್ಕಿಂತ ಮೈ ತಣ್ಣಗೆ ಮಾಡಿಕೊಂಡು ಒಳಗೇ ಇರುವುದು ಲಾಭ. ಬೆಚ್ಚಗಿನ ನಾಡುಗಳ ಬಾವಲಿಗಳಿಗೂ ಜಡಸ್ಥಿತಿ ಬೇಕಾಗುವುದು ಇಂಥ ಹೊತ್ತಿಗೆ. ಚಳಿಗಾಲದ ನಿದ್ದೆ ಅಂತ ನಾವು ಕರೆದರೂ ಅದರ ಬೇರು ಇರುವುದು ಹಸಿವಿನಲ್ಲಿ. ಹೊಟ್ಟೆಗೆ ಸಿಗದ ದಿನಗಳನ್ನು ದಾಟುವ ಉಪಾಯ ಅದು.

ನಿಮ್ಮಲ್ಲಿ ಸಾಧ್ಯವಿದ್ದರೆ ಆಶ್ಲೇಷ ಮಳೆ ಬಿಡುವು ಕೊಟ್ಟ ಮೊದಲ ಸಂಜೆ ಎಷ್ಟು ಹೊತ್ತಿಗೆ ಹೊರಬೀಳುತ್ತವೆ ಅಂತ ಗಮನಿಸಿ ಬರೆದಿಡಿ. ಹಸಿದವು ಬೇಗ ಹೊರಡುತ್ತವೆಯೇ ಅನ್ನುವುದು ನೋಡಬೇಕಾದ ಸಂಗತಿ.

ಮಲೆನಾಡ ಮಣ್ಣು

ಎಲ್ಲರೂ ಬಾವಲಿ ಪರವಾಗಿಯೇ ಮಾತಾಡ್ತಿದ್ದೀರಿ. ನಿಫಾ ಮರೆತಿರಾ? 2018ರಲ್ಲಿ ಕೋಝಿಕ್ಕೋಡ್‌ನಲ್ಲಿ ಆದದ್ದು ನೋಡಿದ್ದೇವೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಮಂಗನ ಕಾಯಿಲೆಯ ಜಿಲ್ಲೆಯವರು ನಾವು, ಕಾಡಿನ ರೋಗ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

ಪ್ರಾಣಿಶಾಸ್ತ್ರ ಮೇಷ್ಟ್ರು, ಸಾಗರ

ನಿಮ್ಮ ಭಯ ನ್ಯಾಯವಾದದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಂಡಾಗಿನಿಂದ ಈ ಜಿಲ್ಲೆಯವರು ಅನುಭವಿಸಿದ್ದು ಕಡಿಮೆಯಲ್ಲ. ಅದು ಉಣುಗಿನಿಂದ ಹರಡುವಂಥದ್ದು, ಬಾವಲಿಗೆ ಆ ಆರೋಪ ಬೇಡ. ನಿಫಾ ವೈರಸ್ಸಿನ ಮೂಲ ನೆಲೆ ದೊಡ್ಡ ಹಣ್ಣು ಬಾವಲಿ. ಹೆಂಚಿನ ಸಂದಿಯ ಹುಳು ತಿನ್ನುವ ಬಾವಲಿ ಬೇರೆಯೇ ಬಳಗದ್ದು.

ಎಚ್ಚರಿಕೆ ಖಂಡಿತ ಬೇಕು. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು. ಬರಿಗೈಯಲ್ಲಿ ಯಾವ ಬಾವಲಿಯನ್ನೂ ಹಿಡಿಯಬಾರದು. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು, ರೇಬೀಸ್ ಲಸಿಕೆಯ ವಿಷಯ ವೈದ್ಯರು ನಿರ್ಧರಿಸುತ್ತಾರೆ. ಅಟ್ಟದ ಒಣ ಹಿಕ್ಕೆಯನ್ನು ಹಾಗೇ ಗುಡಿಸಿ ಧೂಳೆಬ್ಬಿಸಬೇಡಿ, ನೀರು ಚಿಮುಕಿಸಿ, ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಹಾಕಿ ತೆಗೆಯಿರಿ. ಅದರಲ್ಲಿ ಬೆಳೆಯುವ ಶಿಲೀಂಧ್ರ ಶ್ವಾಸಕೋಶಕ್ಕೆ ಕೆಟ್ಟದ್ದು.

ಒಂದು ಮಾತು ಮಾತ್ರ ಗಮನಕ್ಕೆ ತರಬೇಕು. ಆಸ್ಟ್ರೇಲಿಯಾದಲ್ಲಿ ಹಣ್ಣು ಬಾವಲಿಗಳಿಂದ ಹೆಂಡ್ರಾ ಎಂಬ ವೈರಸ್ ಕುದುರೆಗಳಿಗೆ ಬರುತ್ತೆ, ನಿಫಾದ ಹತ್ತಿರದ ಬಂಧು. ಅಲ್ಲಿ ಬಹಳ ವರ್ಷದ ಲೆಕ್ಕ ಇಟ್ಟು ನೋಡಿದಾಗ, ಕಾಡು ಕಡಿದು ಹೂವು ಸಿಗದೆ ಬಾವಲಿಗಳು ಹಸಿದ ವರ್ಷಗಳ ನಂತರ ರೋಗ ಹೆಚ್ಚು ಕಾಣಿಸಿಕೊಂಡಿದೆ. ಚಳಿಗಾಲದಲ್ಲಿ ಕಾಡಿನ ಹೂವು ಚೆನ್ನಾಗಿ ಬಿಟ್ಟಾಗ ಬಾವಲಿಗಳು ತೋಟ ಬಿಟ್ಟು ಅಲ್ಲಿಗೆ ಹೋದವು, ರೋಗವೂ ಇಳಿಯಿತು. ಮೈಯಲ್ಲಿ ಶಕ್ತಿ ಕುಂದಿದ ಪ್ರಾಣಿ ವೈರಸ್ಸನ್ನು ಹತೋಟಿಯಲ್ಲಿಡಲಾರದು. ಓಡಿಸುವುದು, ಮರ ಕಡಿಯುವುದು, ಹೊಗೆ ಹಾಕುವುದು, ಇವೆಲ್ಲ ನಮ್ಮ ಅಪಾಯವನ್ನೇ ಹೆಚ್ಚಿಸುತ್ತವೆ.

ಮಲೆನಾಡ ಮಣ್ಣು

ಈ ಕೊನೆಯದ್ದು ನನಗೆ ಗೊತ್ತಿರಲಿಲ್ಲ. ಮಾಸ್ಕ್ ವಿಷಯ ನಮ್ಮ ಕೆಲಸದವರಿಗೂ ಹೇಳುತ್ತೇನೆ.

ಕೋಟೆ ದಾರಿ ಗೈಡು

ನಾನು ಚಾರಣದವರನ್ನು ಕರೆದುಕೊಂಡು ಮಲೆನಾಡಿನ ಕೋಟೆ, ಗುಹೆ ಸುತ್ತುವವ. ಹಳೇ ಕೋಟೆಯ ಕತ್ತಲೆ ಕೋಣೆ, ಗುಹೆಯೊಳಗೆ ಬಾವಲಿ ಇದ್ದರೆ ಜನಕ್ಕೆ ಅದೇ ಆಟ. ಮೊಬೈಲ್ ಬೆಳಕು ಬಿಡ್ತಾರೆ, ಶಿಳ್ಳೆ ಹೊಡೀತಾರೆ, ರೀಲ್ಸ್‌ಗೆ ಹಾರುವ ಬಾವಲಿ ಬೇಕು ಅಂತ ಚಪ್ಪಾಳೆ ತಟ್ತಾರೆ. ಡಿಸೆಂಬರ್, ಜನವರಿಯಲ್ಲೇ ಜನ ಹೆಚ್ಚು. ಮೇಲಿನದ್ದೆಲ್ಲ ಓದಿದ ಮೇಲೆ ನನಗೆ ಸಂಕಟವಾಯಿತು. ಅಲ್ಲಿನ ಬಾವಲಿಗಳಿಗೂ ಇದೇ ಲೆಕ್ಕಾನಾ?

ಒಂಟಾರಿಯೊದಿಂದ ಕೊಪ್ಪದವಳು

ಅಲ್ಲಿನವಕ್ಕೆ ಇಲ್ಲಿನಷ್ಟು ಕಠಿಣ ಲೆಕ್ಕವಿಲ್ಲ ಅಣ್ಣಾ, ರಾತ್ರಿ ಹೋಗಿ ತಿಂದು ಬರಬಹುದು. ಆದರೂ ಚಳಿಯ ಬೆಳಗಿನಲ್ಲಿ ಎಬ್ಬಿಸಿದರೆ ಹಿಂದಿನ ರಾತ್ರಿಯ ಊಟ ಹೋದ ಹಾಗೆಯೇ. ಮತ್ತೆ ಮತ್ತೆ ಎಬ್ಬಿಸಿದರೆ ಆ ಜಾಗವನ್ನೇ ಬಿಟ್ಟುಹೋಗುತ್ತವೆ. ಹೆಚ್ಚಿನ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುವಂಥವು, ಕಳೆದುಕೊಂಡದ್ದು ಬೇಗ ತುಂಬುವುದಿಲ್ಲ.

ಎಬ್ಬಿಸುವುದರಿಂದಲೇ ಎಂಥ ಅನಾಹುತ ಆಗಬಹುದು ಅನ್ನುವುದನ್ನು ಈ ಖಂಡ ಕಣ್ಣಾರೆ ಕಂಡಿದೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಹತ್ತಿರದ ಗುಹೆಯಲ್ಲಿ ಮೂಗಿನ ಮೇಲೆ ಬಿಳಿ ಬೂಷ್ಟು ಹಿಡಿದ ಬಾವಲಿಗಳು ಕಂಡವು. ಸೂಡೋಜಿಮ್ನೋಆಸ್ಕಸ್ ಡಿಸ್ಟ್ರಕ್ಟಾನ್ಸ್ ಎಂಬ ಶಿಲೀಂಧ್ರ, ಚಳಿಯಲ್ಲಿಯೇ ಬೆಳೆಯುವಂಥದ್ದು. ಮಲಗಿದ ಬಾವಲಿಯ ರೆಕ್ಕೆಯ ಚರ್ಮವನ್ನು ಅದು ತಿನ್ನುತ್ತೆ, ನೀರು ಲವಣದ ಸಮತೋಲ ಕೆಡುತ್ತೆ, ಬಾವಲಿ ಪದೇ ಪದೇ ಏಳುತ್ತೆ. ಕೊಬ್ಬು ಫೆಬ್ರುವರಿಗೇ ಮುಗಿಯುತ್ತೆ. ಹಸಿದವು ಹಗಲಲ್ಲೇ ಹಿಮದ ಮೇಲೆ ಹಾರಿ ಬಂದು ಸಾಯುತ್ತವೆ. ಒಂಟಾರಿಯೊಗೆ ಇದು 2010ರಲ್ಲಿ ಬಂತು, 2014ರಲ್ಲಿ ಕೆನಡಾ ಸರ್ಕಾರ ಪುಟ್ಟ ಕಂದು ಬಾವಲಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಲಕ್ಷಗಟ್ಟಲೆ ಅಲ್ಲ, ಹತ್ತಾರು ಲಕ್ಷ ಬಾವಲಿಗಳು ಹೋದವು. ನಾನು ಹೇಳಿದ ಗಣಿಯಲ್ಲೂ ಚಾವಣಿಯ ಬಹುಭಾಗ ಬರಿದಾಗಿದೆ, ಹಳಬರು ಅದನ್ನು ತೋರಿಸಿ ಹೇಳುವಾಗ ಕೇಳಲಾಗುವುದಿಲ್ಲ.

ಈ ಶಿಲೀಂಧ್ರ 20 ಡಿಗ್ರಿಯ ಮೇಲೆ ಬೆಳೆಯುವುದಿಲ್ಲ, ಹಾಗಾಗಿ ಮಲೆನಾಡಿನ ಬಾವಲಿಗಳಿಗೆ ಆ ಭಯ ಇಲ್ಲ. ಹಿಮಾಲಯದ ತಣ್ಣನೆಯ ಗುಹೆಗಳಿಗೆ ಹೋಗುವ ಅಭ್ಯಾಸ ನಿಮ್ಮ ಚಾರಣದವರಿಗೆ ಇದ್ದರೆ ಮಾತ್ರ ಒಂದು ಗುಹೆಯ ಕೆಸರು ಮೆತ್ತಿದ ಬೂಟು, ಹಗ್ಗ ತೊಳೆಯದೆ ಇನ್ನೊಂದಕ್ಕೆ ಒಯ್ಯಬಾರದು.

ಕೋಟೆ ದಾರಿ ಗೈಡು

ಸರಿ. ಇನ್ನು ಮೇಲೆ ಬಾವಲಿ ಇರುವ ಕೋಣೆಯ ಬಾಗಿಲಲ್ಲೇ ನಿಲ್ಲಿಸಿ ವಿಷಯ ಹೇಳಿ ಮುಂದೆ ಕರೆದುಕೊಂಡು ಹೋಗ್ತೀನಿ. ಬೆಳಕು ಬಿಡೋದು ಬೇಡ.

ನಗರದ ಹಳೇಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಮೇಸ್ತ್ರಿಯ ಹತ್ತಿರ ಮಾತಾಡಿದೆ. ಒಂದೊಂದೇ ಬದಿ ಬಿಚ್ಚುವುದು, ಬಾವಲಿ ಇರುವ ಬದಿಯನ್ನು ಕೊನೆಗೆ ಇಟ್ಟುಕೊಳ್ಳುವುದು ಅಂತ ಒಪ್ಪಿಸಿದ್ದೇನೆ. ಅಟ್ಟದ ಆ ಬದಿಯನ್ನು ಪೂರ್ತಿ ಮುಚ್ಚಬೇಕಾ, ಸಂದಿ ಬಿಡಬೇಕಾ?

ಪ್ರಾಣಿಶಾಸ್ತ್ರ ಮೇಷ್ಟ್ರು, ಸಾಗರ

ಸಂದಿ ಬಿಟ್ಟರೆ ಸಂತೋಷ. ಎರಡು ಬೆರಳು ತೂರುವಷ್ಟಿದ್ದರೆ ಅವಕ್ಕೆ ಬೇಕಾದಷ್ಟಾಯಿತು. ಆ ಬದಿಯ ಕೆಲಸವನ್ನು ಸಂಜೆ ಅವು ಹೊರಬಿದ್ದ ಮೇಲೆ ಶುರುಮಾಡಿ. ಶಿವರಾತ್ರಿ ಕಳೆದ ಮೇಲಾದರೆ ಚಳಿಯ ತೊಂದರೆ ಇರುವುದಿಲ್ಲ, ಆದರೆ ಬೇಸಿಗೆಗೆ ಎಳೆಯಬೇಡಿ, ಹಾರಲಾರದ ಮರಿಗಳಿರಬಹುದು. ಹಿಕ್ಕೆ ಬೀಳುವ ಜಾಗಕ್ಕೆ ಒಂದು ತಗಡು ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿ, ಆಗಾಗ ತೆಗೆದು ತೋಟದ ಗೊಬ್ಬರದ ಗುಂಡಿಗೆ ಹಾಕಿ. ಒಳ್ಳೆಯ ಗೊಬ್ಬರ.

ಹೊಸ ರೀಪಿಗೆ ಗೆದ್ದಲಿನ ಔಷಧಿ ಬಳಿಯುತ್ತೀರಾದರೆ ಆ ಸಂದಿಯ ಸುತ್ತ ಬಿಟ್ಟು ಬಳಿಯಿರಿ. ಬಾವಲಿ ಹೊಟ್ಟೆಯೊತ್ತಿ ಕೂರುವ ಜಾಗ ಅದು, ಔಷಧಿ ಮೈಗೆ ಹತ್ತಿದರೆ ನೆಕ್ಕಿ ಒಳಗೆ ಹೋಗುತ್ತೆ. ಕೆಲವು ಕೀಟನಾಶಕಗಳು ಕೊಬ್ಬಿನಲ್ಲೇ ಸೇರಿಕೊಂಡು ಕೂರುತ್ತವೆ, ಹಸಿವಿನ ದಿನಗಳಲ್ಲಿ ಕೊಬ್ಬು ಕರಗಿದಾಗ ರಕ್ತಕ್ಕೆ ಇಳಿಯುತ್ತವೆ.

ಅಡಿಕೆ ತೋಟ, ತೀರ್ಥಹಳ್ಳಿ

ದೊಡ್ಡ ಬಾವಲಿಗಳ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ತೋಟದ ಹತ್ತಿರ ಗೋಣಿಮರದ ತುಂಬ ಇವೆ. ಮಾಗಿಯಲ್ಲಿ ಇವಕ್ಕೆ ನಿದ್ದೆಯೇ ಇಲ್ಲ, ಹಣ್ಣಡಿಕೆ ಸಿಪ್ಪೆ ಚೀಪಿ ಬೆಳಗಾಗುವುದರೊಳಗೆ ಮರದ ಬುಡದಲ್ಲಿ ಬಾವಲಿ ಅಡಿಕೆ ಬಿದ್ದಿರುತ್ತೆ. ಹೆಂಗಸರು ಹೆಕ್ಕಿ ತರ್ತಾರೆ. ಇವು ಯಾಕೆ ಮಲಗೋದಿಲ್ಲ?

ಪ್ರಾಣಿಶಾಸ್ತ್ರ ಮೇಷ್ಟ್ರು, ಸಾಗರ

ಗಾತ್ರ ಒಂದು ಕಾರಣ. ಒಂದು ಕಿಲೋ ತೂಗುವ ಮೈಯಿಂದ ಶಾಖ ಅಷ್ಟು ಬೇಗ ಸೋರುವುದಿಲ್ಲ. ರೆಕ್ಕೆಯನ್ನು ಮೈಗೆ ಸುತ್ತಿಕೊಂಡರೆ ಮಾಗಿಯ ಬೆಳಗು ಕಳೆಯಬಹುದು. ನಿಮ್ಮ ಗೋಣಿಮರದಲ್ಲೂ ಬಿಸಿಲು ಬೀಳುವ ಕೊಂಬೆಗಳ ಮೇಲಿನವನ್ನು ಗಮನಿಸಿ, ಚಳಿಯಲ್ಲಿ ಪೂರ್ತಿ ಸುತ್ತಿಕೊಂಡಿರುತ್ತವೆ, ಏಪ್ರಿಲ್‌ನಲ್ಲಿ ಅದೇ ರೆಕ್ಕೆ ಬೀಸಿಕೊಳ್ಳುತ್ತಾ ಎದೆ ನೆಕ್ಕಿಕೊಳ್ಳುತ್ತಾ ಇರುತ್ತವೆ. ಇವಕ್ಕೆ ಚಳಿಗಿಂತ ಬಿಸಿಲೇ ಹೆಚ್ಚು ಅಪಾಯ.

ಎರಡನೆಯದು ಊಟ. ಹುಳುಗಳ ಹಾಗೆ ಹಣ್ಣು ಹೂವು ಮಾಗಿಯಲ್ಲಿ ಕಾಣೆಯಾಗುವುದಿಲ್ಲ. ಅತ್ತಿ, ಗೋಣಿ, ಹಣ್ಣಡಿಕೆ, ಜನವರಿ ಕಳೆಯುವ ಹೊತ್ತಿಗೆ ಬೂರುಗದ ಹೂವಿನ ಮಕರಂದ. ಆದರೆ ಹಣ್ಣಿನ ರಸದಲ್ಲಿ ಸಕ್ಕರೆ ಹೆಚ್ಚು, ಕೂಡಿಡಲು ಕೊಬ್ಬು ಕಡಿಮೆ, ತಿಂದದ್ದು ಗಂಟೆಯೊಳಗೆ ಹೊಟ್ಟೆ ದಾಟುತ್ತೆ. ಹಾಗಾಗಿ ಪ್ರತಿ ರಾತ್ರಿ ತಿನ್ನಲೇಬೇಕು, ಅದಕ್ಕಾಗಿ ಹತ್ತಾರು ಕಿಲೋಮೀಟರ್ ಹಾರಬೇಕು.

ಅಡಿಕೆ ತೋಟ, ತೀರ್ಥಹಳ್ಳಿ

ಗೋಣಿಮರ ಕಡಿಸಿ ಅಂತ ಪಕ್ಕದ ತೋಟದವರು ಒತ್ತಾಯ ಮಾಡ್ತಿದ್ದಾರೆ. ಬಾವಲಿ ಉಪದ್ರವಿ ಪ್ರಾಣಿ ಅಂತ ಕಾನೂನಲ್ಲೇ ಇದೆ ಅಂತಾರೆ.

ಪ್ರಾಣಿಶಾಸ್ತ್ರ ಮೇಷ್ಟ್ರು, ಸಾಗರ

ಅದು ಹಳೆಯ ಮಾತು. 1972ರ ವನ್ಯಜೀವಿ ಕಾಯ್ದೆಯ ಐದನೇ ಪಟ್ಟಿಯಲ್ಲಿ ಹಣ್ಣು ಬಾವಲಿಗಳು ಇಲಿ, ಕಾಗೆಗಳ ಜೊತೆ ಇದ್ದವು. 2022ರಲ್ಲಿ ತಿದ್ದುಪಡಿಯಾಗಿ ಆ ಪಟ್ಟಿಯೇ ಹೋಗಿದೆ, 2023ರ ಏಪ್ರಿಲ್‌ನಿಂದ ಹೊಸದು ಜಾರಿಯಲ್ಲಿದೆ. ಪಕ್ಕದವರಿಗೆ ಇದನ್ನು ತಿಳಿಸಿ. ಮರಕ್ಕೆ ಕೈಹಾಕುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಲೇಬೇಕು ಅಂತಲೂ ಹೇಳಿ. ಮತ್ತೆ, ಗೋಣಿ ಕಡಿದರೆ ಅವು ಊರು ಬಿಟ್ಟು ಹೋಗುವುದಿಲ್ಲ, ಇನ್ನೊಂದು ಎತ್ತರದ ಮರಕ್ಕೆ ಹೋಗುತ್ತವೆ. ಅದು ಪಕ್ಕದವರ ತೋಟದಲ್ಲೇ ಇರಬಹುದು.

ಅಡಿಕೆ ತೋಟ, ತೀರ್ಥಹಳ್ಳಿ

ಈ ಮಾತು ಅವರಿಗೆ ಹೇಳಲೇಬೇಕು. ಭಾನುವಾರ ಹೋಗಿ ಮಾತಾಡ್ತೀನಿ.